ಚೆಂಬು, ಪೊಟ್ಟಣ, ಅಕ್ಕಿಮುಡಿ
ಮೀಂಜದ ಚಾವಡಿಯಲ್ಲಿ ಮಕ್ಕಳಿಗೊಂದು ವಿನ್ಯಾಸ ಪಾಠ

ಅಂಗಡಿಯಲ್ಲಿ ಕೂತ ಮಗ ಬಿಲ್ ಪುಸ್ತಕದ ಬೆನ್ನಿನ ಮೇಲೆ ಏನಾದರೂ ಗೀಚುತ್ತಿದ್ದರೆ, "ಚಿತ್ರ ಬರೆದರೆ ಹೊಟ್ಟೆ ತುಂಬುತ್ತದಾ?" ಎಂದು ಗದರದ ತಂದೆ ನಮ್ಮ ವ್ಯಾಪಾರಿ ಮನೆಗಳಲ್ಲಿ ಅಪರೂಪ. ನಾವೂ ಆ ಮಾತು ಕೇಳಿಯೇ ಬೆಳೆದವರು. ಮುಂದೆ ನಮ್ಮ ಮಕ್ಕಳಿಗೂ ಅದನ್ನೇ ಹೇಳಿದೆವು. ಮೊಮ್ಮಕ್ಕಳ ಸರದಿ ಬಂದಾಗ ಮಾತ್ರ ಆ ಮಾತು ಗಂಟಲಲ್ಲೇ ನಿಂತಿತು. ಅದಕ್ಕೆ ಕಾರಣವಾದ ಒಂದು ಚಿಕ್ಕ ಪ್ರಯತ್ನವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಾಸರಗೋಡು ಜಿಲ್ಲೆಯ ಉತ್ತರ ತುದಿಯಲ್ಲಿ, ಮಂಜೇಶ್ವರ ತಾಲೂಕಿನಲ್ಲಿ ಮೀಂಜ ಪಂಚಾಯತು ಇದೆ. ಕಡಲ ಕಡೆಯ ಬಂಗ್ರಮಂಜೇಶ್ವರದಲ್ಲಿ ನಮ್ಮ ಪುರಾತನ ಬಸದಿಗಳಿರುವುದನ್ನು ಬಲ್ಲವರು ಬಹಳ ಮಂದಿ. ಅಲ್ಲಿಂದ ಒಳನಾಡಿನ ಕಡೆ ತಿರುಗಿದರೆ ಮೀಯಪದವು, ಕೊಳಿಯೂರು ಮೊದಲಾದ ಊರುಗಳು. ಮುರಕಲ್ಲಿನ ಗುಡ್ಡ, ತಗ್ಗಿನಲ್ಲಿ ಅಡಿಕೆ ತೋಟ, ರಸ್ತೆ ಕೂಡುವಲ್ಲಿ ನಾಲ್ಕು ಅಂಗಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಾಗದಪತ್ರದಲ್ಲಿ ಮಲಯಾಳ ಎಂಬಂತೆ ಬೆಳೆಯುವ ಮಕ್ಕಳು ಇಲ್ಲಿನವರು. ಇಲ್ಲಿರುವ ನಮ್ಮ ಬಂಧುಗಳ ಮನೆಯ ಚಾವಡಿಯಲ್ಲಿ ಎರಡು ಬೇಸಿಗೆ ರಜೆಗಳಲ್ಲಿ ಮಕ್ಕಳನ್ನು ಸೇರಿಸಿದೆವು. ನಮ್ಮವರು, ನೆರೆಕರೆಯವರು ಎಲ್ಲ ಸೇರಿ ಹನ್ನೊಂದು ಮಕ್ಕಳು. ಕಿರಿಯವನಿಗೆ 8 ವರ್ಷ, ಹಿರಿಯಳಿಗೆ 16.

ಮೊದಲ ವರ್ಷದ ಸೋಲು

ಮೊದಲ ವರ್ಷ ನಾವು ಮಾಡಿದ್ದು ಶುದ್ಧ ತಪ್ಪು. ವಿನ್ಯಾಸ ಎಂದರೆ ಅಲಂಕಾರ ಎಂದುಕೊಂಡು ಬಣ್ಣದ ಪೆಟ್ಟಿಗೆ, ಡ್ರಾಯಿಂಗ್ ಶೀಟು, ಮಿನುಗುವ ಕಾಗದ ತಂದು ಹರಡಿದೆವು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಬಾಗಿದ ತೆಂಗಿನಮರ. ಹನ್ನೊಂದು ಹಾಳೆಗಳಲ್ಲೂ ಇದೇ ಚಿತ್ರ. ಮೂರನೆಯ ದಿನ ದೊಡ್ಡ ಮಕ್ಕಳು ಮೊಬೈಲು ಹಿಡಿದು ಜಗಲಿಯ ಮೂಲೆ ಸೇರಿದರು. ಐದನೆಯ ದಿನ ನಾವೇ ಬಾಗಿಲು ಹಾಕಿದೆವು. ಪೇಟೆಯಲ್ಲಿ "ಮಕ್ಕಳ ಡಿಸೈನ್ ಕೋರ್ಸ್" ಎಂದು ಹಣ ಪಡೆದು, ಕೊನೆಗೊಂದು ಚಿನ್ನದಂಚಿನ ಸರ್ಟಿಫಿಕೇಟು ಕೊಡುವವರ ಬಳಿಯೂ ವಿಚಾರಿಸಿದೆವು. ಅಲ್ಲಿಯೂ ಇದೇ ಗುಡ್ಡ, ಇದೇ ಸೂರ್ಯ. ಬಣ್ಣ ಮಾತ್ರ ದುಬಾರಿಯದು.

ಆ ಮಳೆಗಾಲದಲ್ಲಿ ಬಿಡುವಿದ್ದಾಗ ಈ ವಿಷಯವನ್ನು ಸ್ವಲ್ಪ ಓದಿ, ಬಲ್ಲವರನ್ನು ಕೇಳಿ ತಿಳಿದೆವು. ಆಗ ಕೈಗೆ ಸಿಕ್ಕಿದ್ದು ಒಂದು ಚೆಂಬಿನ ಕಥೆ. ಅದರ ಜೊತೆಗೆ ಒಂದು ಜೈನ ವ್ಯಾಪಾರಿ ಮನೆತನದ ಕಥೆಯೂ ಸಿಕ್ಕಿತು.

ಸಾರಾಭಾಯಿ ಮನೆಯವರು ಮಾಡಿದ್ದು

ವಿಕ್ರಮ್ ಸಾರಾಭಾಯಿ ಎಂದರೆ ಬಾಹ್ಯಾಕಾಶ ವಿಜ್ಞಾನ ಎಂದು ನಮ್ಮ ಮಕ್ಕಳಿಗೂ ಗೊತ್ತು. ಅಹಮದಾಬಾದಿನ ಬಟ್ಟೆ ಗಿರಣಿಯ ಧಣಿ ಅಂಬಾಲಾಲ್ ಸಾರಾಭಾಯಿಯವರ ಮಕ್ಕಳಲ್ಲಿ ಅವರೊಬ್ಬರು. ಅವರ ಸೋದರ ಗೌತಮ್ ಮತ್ತು ಸೋದರಿ ಗಿರಾ 1949ರಲ್ಲಿ ಕ್ಯಾಲಿಕೊ ಜವಳಿ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಇನ್ನೊಬ್ಬ ಸೋದರಿ ಲೀನಾ ಮಂಗಳದಾಸ್ 1947ರಲ್ಲಿಯೇ ಮಾಂಟೆಸರಿ ಪದ್ಧತಿಯಿಂದ ಪ್ರೇರಿತವಾದ ಶ್ರೇಯಸ್ ಶಾಲೆಯನ್ನು ತೆರೆದಿದ್ದರು. 1961ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾದಾಗ ಅದನ್ನು ರೂಪಿಸಲು ಮುಂದೆ ನಿಂತವರು ಗೌತಮ್ ಮತ್ತು ಗಿರಾ. ಬಟ್ಟೆ ಮಾರಿದ ಮನೆಯವರಿಗೆ ಬಟ್ಟೆಯ ಹಿಂದಿನ ವಿದ್ಯೆಯ ಬೆಲೆ ಗೊತ್ತಿತ್ತು.

ಆ ಸಂಸ್ಥೆಗೆ ದಾರಿ ತೋರಿದ್ದು 1958ರ ಒಂದು ವರದಿ. ಭಾರತ ಸರಕಾರ ಕೇಳಿಕೊಂಡದ್ದಕ್ಕೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ ಅದನ್ನು ಬರೆದುಕೊಟ್ಟರು. ತಾವು ನೋಡಿ ಮೆಚ್ಚಿದ ವಸ್ತುಗಳಲ್ಲಿ ಅತ್ಯಂತ ಸುಂದರವಾದುದು ಯಾವುದು ಎಂಬಲ್ಲಿ ಅವರು ಬೊಟ್ಟು ಮಾಡಿದ್ದು ದೇವಸ್ಥಾನವನ್ನಲ್ಲ, ಅರಮನೆಯನ್ನಲ್ಲ, ಉತ್ತರದವರ 'ಲೋಟಾ'ವನ್ನು. ನಾವು ಕನ್ನಡಿಗರು ಲೋಟ ಎಂದರೆ ಕಾಫಿಯ ಲೋಟವನ್ನು ಕಲ್ಪಿಸಿಕೊಳ್ಳುತ್ತೇವೆ. ಅವರು ಹೇಳಿದ್ದು ನಮ್ಮ ಚೆಂಬನ್ನು. ಅದನ್ನು ಒಬ್ಬನೇ ಕೂತು ರೂಪಿಸಿದ್ದಲ್ಲ, ತಲೆತಲಾಂತರದಿಂದ ಬಳಸಿದ ಕೈಗಳೇ ತಿದ್ದುತ್ತ ಬಂದದ್ದು ಎನ್ನುವುದು ಅವರ ಅಭಿಪ್ರಾಯ. ಇಂದು ಯಾರಾದರೂ ಹೊಸದಾಗಿ ಚೆಂಬು ಮಾಡಹೊರಟರೆ ಏನೆಲ್ಲ ಯೋಚಿಸಬೇಕು ಎಂದು ಅವರು ಒಂದು ಪಟ್ಟಿಯನ್ನೇ ಕೊಟ್ಟರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿಯಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಒಳಗೆ ಕೈ ಹಾಕಿ ತೊಳೆಯಲಾದೀತೇ, ಒಳಗಿನ ದ್ರವ ಬಿಸಿಯಿದ್ದರೆ ಹಿಡಿಯಲಾದೀತೇ, ಮಾಡಲು ಖರ್ಚೆಷ್ಟು, ಕೊನೆಗೆ ಗುಜರಿಗೆ ಹಾಕಿದರೆ ಲೋಹಕ್ಕೆ ಬೆಲೆಯೆಷ್ಟು. ಕೊನೆಯ ಎರಡು ಪ್ರಶ್ನೆ ಓದಿ ನಮಗೆ ನಗು ಬಂತು. ಇವನು ನಮ್ಮವನೇ ಎನ್ನಿಸಿತು.

ಎರಡನೆಯ ವರ್ಷ ಬಣ್ಣದ ಪೆಟ್ಟಿಗೆ ತರಲಿಲ್ಲ. ಮೊದಲ ದಿನ ಚಾವಡಿಯ ನಡುವೆ ಒಂದು ಕಂಚಿನ ಚೆಂಬು, ಒಂದು ಸ್ಟೀಲಿನದು, ಒಂದು ಪ್ಲಾಸ್ಟಿಕ್ ಮಗ್ ಇಟ್ಟು, ಬಾವಿಕಟ್ಟೆಯಿಂದ ನೀರು ತರಲು ಹೇಳಿದೆವು. ಒಮ್ಮೆ ಕಣ್ಣು ಬಿಟ್ಟು, ಒಮ್ಮೆ ಕಣ್ಣು ಕಟ್ಟಿ, ಒಮ್ಮೆ ಎಣ್ಣೆ ಹಚ್ಚಿದ ಕೈಯಲ್ಲಿ. ಎಣ್ಣೆಗೈಯಲ್ಲಿ ಮಗ್ಗಿನ ಹಿಡಿ ಜಾರಲಿಲ್ಲ, ಚೆಂಬಿನ ಕತ್ತೂ ಜಾರಲಿಲ್ಲ. ನೇರ ಗೋಡೆಯ ಸ್ಟೀಲಿನದು ಜಾರಿ ಉರುಳಿತು. "ಕತ್ತು ಸಣ್ಣ ಇರುವುದು ಚೆಂದಕ್ಕಲ್ಲ, ಬೆರಳಿಗೆ" ಎಂದ ಎಂಟು ವರ್ಷದವ. ಅಂದು ಸಂಜೆಯವರೆಗೆ ಯಾರೂ ಮೊಬೈಲು ಕೇಳಲಿಲ್ಲ.

ಪೊಟ್ಟಣದ ಪರೀಕ್ಷೆ

ಮರುದಿನದ ವಿಷಯವನ್ನು ನಾವು ಅಂಗಡಿಯಿಂದಲೇ ತೆಗೆದುಕೊಂಡೆವು. ಹಳೆಯ ಅಂಗಡಿ ಕಂಡವರಿಗೆ ನೆನಪಿರಬಹುದು: ತಲೆಯ ಮೇಲೆ ತೂಗುವ ನೂಲಿನ ಉಂಡೆ, ಪಕ್ಕದಲ್ಲಿ ಹಳೆ ಪತ್ರಿಕೆಯ ರಾಶಿ. ತಕ್ಕಡಿಯಿಂದ ಜೀರಿಗೆ ಕಾಗದಕ್ಕೆ ಬಿದ್ದ ಗಳಿಗೆಯಲ್ಲಿ ನಾಲ್ಕು ಮಡಿಕೆ, ಎರಡು ಸುತ್ತು ನೂಲು, ಒಂದು ಜಗ್ಗು, ಪೊಟ್ಟಣ ಸಿದ್ಧ. ಬಸ್ಸಿನಲ್ಲಿ ಎಸೆದರೂ ಬಿಚ್ಚುತ್ತಿರಲಿಲ್ಲ. ನಮ್ಮ ಕೈಗೆ ಆ ಮಡಿಕೆ ಇನ್ನೂ ಗೊತ್ತು. ಮಕ್ಕಳ ಎದುರು ಕಟ್ಟಿ ತೋರಿಸಿದಾಗ ಜಾದೂ ನೋಡಿದಂತೆ ನೋಡಿದರು.

ಆದರೆ ಆ ಪೊಟ್ಟಣ ಇಂದಿಗೆ ನಡೆಯದು. ಪತ್ರಿಕೆಯ ಶಾಯಿ ಆಹಾರಕ್ಕೆ ಇಳಿಯುತ್ತದೆಂದು ದೇಶದ ಆಹಾರ ಸುರಕ್ಷಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ಇತ್ತ ಕೇರಳ ಸರಕಾರ 2020ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕನ್ನು ನಿಷೇಧಿಸಿತು. ಇಡೀ ದೇಶದಲ್ಲಿ ಅಂಥ ಹಲವು ವಸ್ತುಗಳ ಮೇಲೆ 2022ರ ಜುಲೈ 1ರಿಂದ ನಿಷೇಧ ಬಂತು. ಹಳೆಯ ಕಾಗದ ಬೇಡ, ತೆಳು ಪ್ಲಾಸ್ಟಿಕ್ ಬೇಡ, ಗಿರಾಕಿಗೆ ದರ ಹೆಚ್ಚಾಗಬಾರದು. ಅಂಗಡಿಯವರೆಲ್ಲ ದಿನವೂ ಗೊಣಗುವ ಈ ತಾಪತ್ರಯವನ್ನೇ ಮಕ್ಕಳ ಮುಂದಿಟ್ಟೆವು. ಕಾಲು ಕಿಲೋ ಕೊತ್ತಂಬರಿಗೆ ಒಂದು ಪೊಟ್ಟಣ ಮಾಡಬೇಕು. ಮಳೆಹನಿ ಬಿದ್ದರೂ ತಡೆಯಬೇಕು. ಕೈಬೆರಳು ಬಿಗಿದ ಅಜ್ಜಿಯೂ ಬಿಡಿಸುವಂತಿರಬೇಕು. ಖರ್ಚು ಎರಡು ರೂಪಾಯಿ ಮೀರಬಾರದು.

ಸಾಮಗ್ರಿಗೆ ಕಷ್ಟವಿರಲಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಬೇಕಾದಷ್ಟು, ಬಾಳೆಯ ನಾರು, ಖಾಕಿ ಕಾಗದ, ಮೈದಾ ಅಂಟು. ಹಾಳೆ ನಮ್ಮ ಸೀಮೆಗೆ ಹೊಸದಲ್ಲ. ತೋಟದ ಕೆಲಸದವರ ತಲೆಯ ಮೇಲಿನ ಮುಟ್ಟಾಳೆಯೂ ಹಾಳೆಯದೇ. ನೆನೆಸಿದರೆ ಬಾಗುತ್ತದೆ, ಒಣಗಿದರೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ ಎಂಬುದನ್ನು ಮಕ್ಕಳು ಅರ್ಧ ದಿನದಲ್ಲಿ ತಾವೇ ಕಂಡುಕೊಂಡರು. ಅದಕ್ಕೆ ಮೊದಲು ಮೂರು ಹಾಳೆ ಮುರಿದವು.

ಹದಿಮೂರರ ಹುಡುಗಿಯೊಬ್ಬಳು ಮಾಡಿದ ಪೊಟ್ಟಣ ನೋಡಲು ಎಲ್ಲಕ್ಕಿಂತ ಚೆಂದ. ಹೂವಿನ ಆಕಾರದ ಮಡಿಕೆ, ಮೇಲೊಂದು ನಾರಿನ ಜಡೆ. ಪರೀಕ್ಷೆಗೆ ಮನೆಯ ಹಿರಿಯ ಅಜ್ಜಿಯನ್ನೇ ಕೂರಿಸಿದ್ದೆವು. ಅವರು ಹಿಂದೆ ಮುಂದೆ ತಿರುಗಿಸಿ, "ಮಗಾ, ಚೆಂದ ಉಂಟು. ಆದರೆ ಬಿಡಿಸಲಿಕ್ಕೆ ಕತ್ತರಿ ಬೇಕಲ್ಲ?" ಎಂದರು. ಹುಡುಗಿಯ ಮುಖ ಸಣ್ಣದಾಯಿತು. ಸಮಾಧಾನ ಹೇಳಬೇಕೆಂದು ನಮಗೆ ಬಾಯಿಗೆ ಬಂದಿತ್ತು, ಸುಮ್ಮನಿದ್ದೆವು. ಮಧ್ಯಾಹ್ನದ ಊಟದ ಬಳಿಕ ಆಕೆ ಅಜ್ಜಿಯ ಪಕ್ಕ ಕೂತು, ಯಾವ ಬೆರಳು ಮಡಚುತ್ತದೆ, ಯಾವುದು ಮಡಚುವುದಿಲ್ಲ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಮರುದಿನದ ಪೊಟ್ಟಣದಲ್ಲಿ ಗಂಟೇ ಇರಲಿಲ್ಲ. ಹಾಳೆಯ ಒಂದು ನಾಲಗೆ ಇನ್ನೊಂದು ಸೀಳಿನೊಳಗೆ ಸಿಕ್ಕಿಸಿದ್ದು, ಅಂಗೈಯಿಂದ ದೂಡಿದರೆ ಬಿಡುತ್ತಿತ್ತು. ಖರ್ಚು ಮಾತ್ರ ಎರಡು ರೂಪಾಯಿ ಮೀರಿತು. ಮಾಡಲು ಹಿಡಿದ ಹೊತ್ತಿಗೂ ಕೂಲಿ ಹಾಕಬೇಕೆಂದು ಅಲ್ಲಿದ್ದ ಒಬ್ಬ ವ್ಯಾಪಾರಿ ಬಂಧು ಪಟ್ಟುಹಿಡಿದು ಲೆಕ್ಕ ಮಾಡಿಸಿದರು. ಆಗ ಅದು ಎಂಟಕ್ಕೆ ಏರಿತು. ಆ ಲೆಕ್ಕ ಮಾಡಿಸಿದ್ದು ಒಳ್ಳೆಯದೇ ಆಯಿತು. ಉಳಿದ ದಿನಗಳಲ್ಲಿ ಎಲ್ಲರೂ ಚಿತ್ರದ ಮೂಲೆಯಲ್ಲಿ ಬೆಲೆ ಬರೆಯತೊಡಗಿದರು.

ಮುಡಿ ಕಟ್ಟುವ ಹಿರಿಯರು

ಪೊಟ್ಟಣದ ಮಾತು ಬಂದಾಗ ಅಕ್ಕಿಮುಡಿಯನ್ನು ಬಿಡುವುದುಂಟೇ? ಒಂದು ಮುಡಿಗೆ 42 ಸೇರು ಅಕ್ಕಿ ಎಂಬ ಲೆಕ್ಕದಲ್ಲಿ ತುಳುನಾಡಿನ ಗೇಣಿ, ಸಾಲ, ಸಂಬಳ ಎಲ್ಲ ನಡೆದ ಕಾಲವಿತ್ತು. ಈಗ ಮುಡಿ ಕಟ್ಟಬಲ್ಲವರು ಕಡಿಮೆ. ಊರಿನ ಒಬ್ಬ ಹಿರಿಯರು ನಮ್ಮ ಕೋರಿಕೆಗೆ ಒಪ್ಪಿ ಒಂದು ಸಂಜೆ ಬಂದರು. ಬೈಹುಲ್ಲಿನ ಹಗ್ಗ ಹೊಸೆದು ಹಾಸಿ, ಅದರ ಮೇಲೆ ಹುಲ್ಲನ್ನು ಅರಳಿಸಿ ಹರಡಿ, ನಡುವೆ ಅಕ್ಕಿ ಸುರಿದು, ಸುತ್ತ ಮೇಲೆತ್ತಿ ಬಿಗಿಯುತ್ತ, ಮರದ ಕೊಡತಿಯಿಂದ ಬಡಿಯುತ್ತ ಬಂದರೆ ಕೊನೆಗೆ ಚೆಂಡಿನಂತೆ ಉರುಟಾದ, ಕಲ್ಲಿನಂತೆ ಗಟ್ಟಿಯಾದ ಮುಡಿ. ಹೊಲಿಗೆ ಇಲ್ಲ, ಅಂಟು ಇಲ್ಲ, ಮೊಳೆ ಇಲ್ಲ.

ಮಕ್ಕಳು ಕೇಳಿದ ಪ್ರಶ್ನೆಗಳು ಚೆಂಬಿನ ಪಾಠದವೇ. ಯಾಕೆ ಉರುಟು? ಉರುಳಿಸಿ ಸಾಗಿಸಬಹುದು. ಯಾಕೆ ಅಷ್ಟು ಬಡಿಯುವುದು? ಒಳಗೆ ಗಾಳಿ, ತೇವ ನಿಲ್ಲದಿದ್ದರೆ ಹುಳು ಹಿಡಿಯುವುದು ಕಡಿಮೆ. ಬಿಚ್ಚಿದ ಹುಲ್ಲು ಏನಾಗುತ್ತದೆ? ಹಟ್ಟಿಯ ದನ ಮೇಯುತ್ತದೆ. ಹುಳುವನ್ನು ಕೊಲ್ಲುವ ಮದ್ದಿಲ್ಲದೆ, ಹುಳು ಬಾರದಂತೆಯೇ ಧಾನ್ಯ ಕಾಯುವ ಈ ಉಪಾಯ ನಮ್ಮ ಮನೆಯವರಿಗೆ ವಿಶೇಷವಾಗಿ ಹಿಡಿಸುವಂಥದ್ದು.

ಇದರಿಂದಲೇ ಇನ್ನೊಂದು ಕೆಲಸ ಹುಟ್ಟಿತು. ಗಾಳಿಸಿದ ನೀರು ಕುಡಿಯುವುದು ನಮ್ಮ ಆಚಾರ. ನಲ್ಲಿಗೆ ಬಟ್ಟೆ ಕಟ್ಟುತ್ತೇವೆ, ಅದು ಸಡಿಲವಾಗಿ ನೀರಿನ ರಭಸಕ್ಕೆ ಉದುರುತ್ತದೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರಿನ ಮೂಲಕ್ಕೇ ಮರಳಿಸಬೇಕಾದ್ದರಿಂದ ಬಿಗಿಯಾಗಿ ಹೊಲಿದುಬಿಡುವಂತೆಯೂ ಇಲ್ಲ. ಸುಲಭವಾಗಿ ಕೂರಬೇಕು, ಸುಲಭವಾಗಿ ಬಿಡಬೇಕು, ನಡುವೆ ಜಾರಬಾರದು. ಇಬ್ಬರು ಹುಡುಗರು ಗೆರಟೆ ಉಜ್ಜಿ ಎರಡು ಬಳೆ ಮಾಡಿ, ನಡುವೆ ಬಟ್ಟೆ ಸಿಕ್ಕಿಸುವ ಉಪಾಯ ಹೂಡಿದರು. ಇವರು ನಾಲ್ಕು ಸಲ ಸೋತರು. ಐದನೆಯದು ಆ ಮನೆಯ ನಲ್ಲಿಯಲ್ಲಿ ಈಗಲೂ ಇದೆ.

ಶಾಲೆಯಲ್ಲಿ ಏನಿದೆ?

ಶಾಲೆಯಲ್ಲಿ ಇದಕ್ಕೆ ಜಾಗವೇ ಇಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಕೇರಳದ ಶಾಲಾ ಶಾಸ್ತ್ರೋತ್ಸವದ ಜೊತೆ ನಡೆಯುವ ವೃತ್ತಿಪರಿಚಯ ಮೇಳದಲ್ಲಿ ಕೊಡೆ ತಯಾರಿ, ಬಿದಿರಿನ ವಸ್ತು, ಗೆರಟೆಯ ವಸ್ತು, ಮಣ್ಣಿನ ಗೊಂಬೆ, ಪುಸ್ತಕ ಕಟ್ಟುವುದು ಮುಂತಾದ ಸ್ಪರ್ಧೆಗಳನ್ನು ಮಕ್ಕಳು ಸ್ಥಳದಲ್ಲೇ ಕೂತು ಮಾಡುತ್ತಾರೆ. ಕೈ ಪಳಗಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಮ್ಮ ಸುತ್ತ ಕಾಣೆವು. ನಮ್ಮ ತಕರಾರು ಒಂದೇ: ಬಹುಮಾನಕ್ಕಾಗಿ ಮಗು ಅದೇ ವಸ್ತುವನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿ ಬರುತ್ತದೆ; ಆ ಕೊಡೆ ಯಾರಿಗೆ, ಯಾವ ಮಳೆಗೆ ಎಂದು ಕೇಳುವವರಿಲ್ಲ. ಹೈಸ್ಕೂಲುಗಳಲ್ಲಿ 2018ರಿಂದ ನಡೆಯುತ್ತಿರುವ ಲಿಟಲ್ ಕೈಟ್ಸ್ ಕೂಟಗಳಲ್ಲಿ ಅನಿಮೇಶನ್ ಮೊದಲಾದ ಕಂಪ್ಯೂಟರ್ ಕೆಲಸ ಕಲಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಮಕ್ಕಳು ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದು ಹೇಳಿದೆ.

ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಆರನೇ ತರಗತಿಯ ಮಕ್ಕಳಿಗಾಗಿ ಕೆಲವು ಪಾಠಗಳನ್ನು ರೂಪಿಸಿದ್ದಾರೆ. ಒಂದು ಚೀಲ, ಒಂದು ಗಾಳಿಯಂತ್ರದ ಮಾದರಿ, ಒಂದು ಬೊಂಬೆ. ನಗರದ ಶಾಲೆಯಲ್ಲೂ ಬುಡಕಟ್ಟಿನವರ ಹಳ್ಳಿಯ ಶಾಲೆಯಲ್ಲೂ ಅವುಗಳನ್ನು ಮಾಡಿಸಿ ನೋಡಿದ್ದಾರೆ. ಗುಂಪಿನಲ್ಲಿ ಚರ್ಚೆ, ಕಾಗದದ ಮೇಲೆ ಚಿತ್ರ, ಅಳತೆ ಮತ್ತು ಸಾಮಗ್ರಿಯ ಪಟ್ಟಿ, ಆಮೇಲೆ ಕೈಕೆಲಸ, ಕಡೆಯಲ್ಲಿ ತಮ್ಮದನ್ನೂ ಇತರರದನ್ನೂ ತೂಗಿ ನೋಡುವುದು. ನಾವು ಕಣ್ಣುಮುಚ್ಚಿ ಅನುಸರಿಸಿದ್ದು ಈ ಕ್ರಮವನ್ನೇ. ಇಂಗ್ಲೆಂಡಿನಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ 1990ರಿಂದಲೇ ಶಾಲಾ ಪಠ್ಯದ ವಿಷಯ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ. ಪಕ್ಕದ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳು ಮಾಡಿ ಕಲಿಯಲೆಂದು ಎಷ್ಟೋ ಪ್ರಯೋಗ ನಡೆಸಿದ್ದನ್ನು ನಮ್ಮ ಹಿರಿಯರು ಕಂಡವರು. ನಮ್ಮ ಪುರಾಣದಲ್ಲಿಯೂ ಆದಿನಾಥ ಸ್ವಾಮಿಯು ಜನರಿಗೆ ಕಲಿಸಿದ ಆರು ವೃತ್ತಿಗಳಲ್ಲಿ ವಾಣಿಜ್ಯವೂ ಇದೆ, ಶಿಲ್ಪವೂ ಇದೆ. ನಾವು ಒಂದನ್ನು ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ಹೊರಗೆ ನಿಲ್ಲಿಸಿದೆವು.

ಮಾಡಬೇಕೆನ್ನುವವರಿಗೆ ನಮ್ಮ ಅನುಭವದ ಎರಡು ಮಾತು. ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬೇಡ. ಚಿಕ್ಕವರು ಬೆಳಿಗ್ಗೆ ಒಂದೂವರೆ ಗಂಟೆ ಸಾಕು. ಹದಿಮೂರು ದಾಟಿದವರು ಮಧ್ಯಾಹ್ನದ ಮೇಲೂ ಕೂರಬಲ್ಲರು, ಸಂಜೆಯ ಊಟದ ಹೊತ್ತಿಗೆ ಬಿಟ್ಟರಾಯಿತು. ಕತ್ತಿ, ಕತ್ತರಿ ಹಿಡಿಯುವಾಗ ಹಿರಿಯರೊಬ್ಬರು ಪಕ್ಕದಲ್ಲಿರಲಿ. ನಮಗೆ ಹತ್ತು ದಿನಕ್ಕೆ ಬಿದ್ದ ಖರ್ಚು, ಉಪಾಹಾರ ಬಿಟ್ಟು, ಎರಡೂವರೆ ಸಾವಿರದ ಒಳಗೆ. ಬಹುಮಾನ ಇಡಬೇಡಿ.

ಹದಿನಾರರ ಹುಡುಗಿ

ಎಲ್ಲರಲ್ಲೂ ಹಿರಿಯಳಾದ ಹುಡುಗಿಯ ಮಾತು ಬೇರೆ. ಎಸ್ಸೆಸ್ಸೆಲ್ಸಿ ಬರೆದು ಕೂತವಳು. ಅವಳಿಗೆ ನಾವು ಕೊಟ್ಟದ್ದು ತಂದೆಯ ಅಂಗಡಿಯನ್ನೇ. ಎರಡು ದಿನ ಮೂಲೆಯಲ್ಲಿ ಕೂತು ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ಕಾದರು, ಧಣಿ ಎಷ್ಟು ಸಲ ಬಗ್ಗಿ ಎದ್ದರು ಎಂದು ಗೆರೆ ಹಾಕಿ ಗುರುತಿಸಿದಳು. ಹೆಚ್ಚು ಹೋಗುವ ಸಕ್ಕರೆ, ಬೆಲ್ಲ, ಅವಲಕ್ಕಿ ಎಲ್ಲ ಕೆಳಗಿನ ಅಟ್ಟೆಯಲ್ಲಿ. ತಿಂಗಳಿಗೊಮ್ಮೆ ಮಾರುವುದು ಕೈಗೆ ಸಿಗುವ ಎತ್ತರದಲ್ಲಿ. ಒಂದು ಭಾನುವಾರ ಸಂಜೆ ಅಣ್ಣನನ್ನು ಸೇರಿಸಿಕೊಂಡು ಎಲ್ಲ ಅದಲು ಬದಲು ಮಾಡಿದಳು, ತಕ್ಕಡಿಯನ್ನೂ ಒಂದು ಮೊಳ ಸರಿಸಿದಳು. ಸೋಮವಾರ ಬೆಳಿಗ್ಗೆ ಅವಳ ತಂದೆ, ಸಂಬಂಧದಲ್ಲಿ ನಮಗೆ ಅಳಿಯ, ಸಿಟ್ಟಿನಿಂದ ಫೋನು ಮಾಡಿದರು. "ಮಾವ, ನೀವು ಮಕ್ಕಳನ್ನು ಆಟ ಆಡಿಸಿದ್ದು ಸರಿ. ಈಗ ನನ್ನ ಅಂಗಡಿಯಲ್ಲಿ ನನಗೇ ಸಾಮಾನು ಸಿಗುವುದಿಲ್ಲ."

ಒಂದು ವಾರ ಹಾಗೇ ಬಿಡಿ, ಆಗದಿದ್ದರೆ ಮೊದಲಿನಂತೆ ಇಡಿಸುತ್ತೇವೆ ಎಂದೆವು. ವಾರ ಕಳೆದರೂ ಫೋನು ಬರಲಿಲ್ಲ. ಹೋಗಿ ನೋಡಿದರೆ ಸಾಮಾನು ಮಗಳು ಇಟ್ಟಲ್ಲೇ ಇತ್ತು. ತಕ್ಕಡಿ ಮಾತ್ರ ಹಳೆಯ ಜಾಗಕ್ಕೆ ಮರಳಿತ್ತು.

ಆಕೆ ಈಗ ಪ್ಲಸ್ ವನ್‌ನಲ್ಲಿ ಕಾಮರ್ಸ್ ಓದುತ್ತಿದ್ದಾಳೆ; ಅದು ತಂದೆಯ ಆಯ್ಕೆ. ಮುಂದೆ ವಿನ್ಯಾಸ ಕಲಿಯಬೇಕೆಂಬುದು ಅವಳ ಆಸೆ. ಸಯನ್ಸ್ ತೆಗೆದುಕೊಳ್ಳದವರಿಗೆ ಆ ಬಾಗಿಲು ಮುಚ್ಚಿದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾವೂ ನಂಬಿದ್ದೆವು. ಹಾಗಿಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಗೂ, ಐಐಟಿಗಳಲ್ಲಿ ವಿನ್ಯಾಸ ಪದವಿಗಾಗಿ ಬೊಂಬಾಯಿ ಐಐಟಿಯವರು 2015ರಿಂದ ನಡೆಸುತ್ತಿರುವ ಯೂಸೀಡ್ ಪರೀಕ್ಷೆಗೂ ಪ್ಲಸ್ ಟೂನಲ್ಲಿ ಕಾಮರ್ಸ್, ಕಲಾ ವಿಭಾಗದವರೂ ಕೂರಬಹುದು. ಯೂಸೀಡ್‌ನ ಒಂದು ಭಾಗ ಕಂಪ್ಯೂಟರಿನಲ್ಲಿ, ಇನ್ನೊಂದು ಭಾಗದಲ್ಲಿ ಕಾಗದದ ಮೇಲೆ ಕೈಯಿಂದ ಚಿತ್ರ ಬರೆಯಬೇಕು. ಸೀಟುಗಳು ಕಡಿಮೆ, ಪೈಪೋಟಿ ಜಾಸ್ತಿ. ಹತ್ತು ದಿನದ ಚಾವಡಿ ಪಾಠದಿಂದ ಅದು ದಕ್ಕುತ್ತದೆಂದು ಯಾರೂ ಭ್ರಮಿಸಬಾರದು. ಉಡುಪಿನ ವಿನ್ಯಾಸ ಬೇಕೆನ್ನುವವರಿಗೆ ಕಣ್ಣೂರಿನಲ್ಲೇ ನಿಫ್ಟ್ ಇದೆ.

ಅಳಿಯಂದಿರು ಇನ್ನೂ ಒಪ್ಪಿಲ್ಲ. "ಅಂಗಡಿ ನೋಡುವವರು ಯಾರು?" ಎಂಬ ಅವರ ಪ್ರಶ್ನೆ ಸಣ್ಣದಲ್ಲ, ಅಣ್ಣ ಮಂಗಳೂರಿನ ಕೆಲಸಕ್ಕೆ ಹೊರಟು ನಿಂತಿದ್ದಾನೆ, ಮೂರು ತಲೆಮಾರಿನ ಅಂಗಡಿ. ನಾವು ವಾದಿಸಲು ಹೋಗಲಿಲ್ಲ. ಹೋದ ತಿಂಗಳು ಮಾತ್ರ, ಬೇರೇನೋ ಮಾತಾಡುತ್ತಿದ್ದವರು ನಡುವೆ, "ಆ ಪರೀಕ್ಷೆಯ ಅರ್ಜಿ ಯಾವ ತಿಂಗಳು ಹಾಕುವುದು, ಮಾವ?" ಎಂದು ಕೇಳಿದರು. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಪರೀಕ್ಷೆ ಜನವರಿಯಲ್ಲಿ ಎಂದೆವು. ಅವರು ಕ್ಯಾಲೆಂಡರಿನ ಕಡೆ ನೋಡಿ ಸುಮ್ಮನಾದರು.

ಮುಂದಿನ ರಜೆಯ ಕೆಲಸವನ್ನು ಮಕ್ಕಳೇ ಆರಿಸಿ ಚಾವಡಿಯ ಗೋಡೆಗೆ ಅಂಟಿಸಿದ್ದಾರೆ: ಮಳೆಗಾಲದಲ್ಲಿ ಅಂಗಡಿಗೆ ಬರುವವರು ಒದ್ದೆ ಕೊಡೆಯನ್ನು ಎಲ್ಲಿಡಬೇಕು? ಅದರ ಕೆಳಗೆ ಎಂಟು ವರ್ಷದವ ಪೆನ್ಸಿಲಿನಲ್ಲಿ, "ಮಕ್ಕಳ ಕೊಡೆ ಸಣ್ಣ ಇರುತ್ತದೆ, ಮರೆಯಬಾರದು" ಎಂದು ಬರೆದಿದ್ದಾನೆ.